ಎರಡು ಸುತ್ತಿನ ದಿನಸಿ

ಅಕ್ಕಿ ಅಳೆಯಲು ಡಬ್ಬಿಗೆ ಲೋಟ ಇಳಿಸಿದ ಗಂಡನಿಗೆ ಅಡಿಯಲ್ಲಿ ಸಿಕ್ಕಿದ್ದು ಹಳೆಯ ಪೇಪರು. ಮೇಲೆ ಮೂರು ಬೆರಳಿನಷ್ಟು ಅಕ್ಕಿ, ಅದರ ಕೆಳಗೆ ದುಂಡಗೆ ಕತ್ತರಿಸಿದ ರಟ್ಟು, ರಟ್ಟಿನ ಕೆಳಗೆ ಉಂಡೆ ಮಾಡಿ ತುರುಕಿದ ಪೇಪರು. ಒಂದು ಉಂಡೆಯನ್ನು ಹೊರಗೆಳೆದು, ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಏನೋ ಮುಖ್ಯವಾದ ಸುದ್ದಿ ಓದುವವನ ಹಾಗೆ ನಿಂತ. ಮಗಳ ತಲೆ ಬಾಚುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಎರಡು ತಿಂಗಳಿಂದ ಅವನನ್ನು ಆ ಶೆಲ್ಫಿನ ಹತ್ತಿರ ಸುಳಿಯಗೊಡದೆ ಕಾಯ್ದಿದ್ದಳು. ಈ ಶನಿವಾರ ಬೆಳಿಗ್ಗೆ ತಾನೇ ಅನ್ನಕ್ಕಿಡುತ್ತೇನೆ ಅಂತ ಅವನು ಎದ್ದು ಬಂದಾನು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಇದೇನೇ ಇದು?" ಅಂದ.

"ಇಲಿ ಕಾಟ. ಅಡಿ ತೂತು ಮಾಡ್ತವೆ ಅಂತ ಇಟ್ಟಿದೀನಿ."

ತಗಡಿನ ಡಬ್ಬಿ ಕಡಿಯುವ ಇಲಿ ಇನ್ನೂ ಹುಟ್ಟಿಲ್ಲ. ಆದರೆ ಅವನು ವಾದಕ್ಕಿಳಿಯಲಿಲ್ಲ. ಹಿಟ್ಟಿನ ಡಬ್ಬಿ ತೆರೆದ, ಸಕ್ಕರೆಯದನ್ನು ತೆರೆದ, ಎಲ್ಲದರೊಳಗೂ ಎರಡು ಬೆರಳು ಆಡಿಸಿ, ಮುಚ್ಚಳ ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟ. ಆಮೇಲೆ ಮುರಿದ ಮೂಗಿನಲ್ಲಿ ಸೊರಸೊರ ನಕ್ಕು, ಭಾರಿ ಕಳ್ಳಿ ನೀನು ಅಂದ. ಕಿಟಕಿಯ ಪಕ್ಕ ಖಾಲಿ ಬಿದ್ದಿದ್ದ ಮೊಟ್ಟೆಯ ಟ್ರೇ ಅವನ ಕಣ್ಣಿಗೆ ಬಿತ್ತು. ಮೊಟ್ಟೆ ತಿಂದು ಎಷ್ಟು ದಿನವಾಯಿತು ಅಂತ ಮಗಳನ್ನು ಕೇಳಿದ. ಏಳು ವರ್ಷದ ಹುಡುಗಿ ಕನ್ನಡಿಯಲ್ಲಿ ಅಮ್ಮನ ಮುಖ ನೋಡಿ, ಕಲಿಸಿಕೊಟ್ಟ ಪಾಠ ಒಪ್ಪಿಸಿದಳು.

"ನಂಗೆ ಮೊಟ್ಟೆ ವಾಸನೆ ಆಗಲ್ಲ ಅಪ್ಪ."

ಅವನು ಸಣ್ಣಗೆ ತಲೆಯಾಡಿಸಿದ. ಹಾಗೆ ತಲೆಯಾಡಿಸಿದ್ದೇ ಅವಳಿಗೆ ಸರಿಬೀಳಲಿಲ್ಲ.

ಅವನಿಗೆ ಕೆಲಸದ ಜಾಗದಲ್ಲಿ ಗೋಡೆ ಅಂತ ಹೆಸರು. ಬಸ್ ಡಿಪೋದ ಹಿಂದಿನ ಹಳೆಯ ಗೋದಾಮಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಬಾಕ್ಸಿಂಗ್ ನಡೆಯುತ್ತದೆ. ಗೆಲ್ಲುವವನು ಯಾರು ಎಂಬುದು ಟಿಕೆಟ್ ಹರಿಯುವವನಿಗೂ ಮೊದಲೇ ಗೊತ್ತು, ಹೊಸದಾಗಿ ಮೇಲೆ ಬರುತ್ತಿರುವ ಯಾವನೋ ಗಟ್ಟಿಗ. ಅವನು ಗೆಲ್ಲಬೇಕಾದರೆ ಎದುರಿಗೆ ಹೊಡೆಸಿಕೊಳ್ಳಲು ಒಬ್ಬ ಬೇಕಲ್ಲ, ಅದು ಗೋಡೆಯ ಕೆಲಸ. ಬೇಗ ಬಿದ್ದರೆ ದುಡ್ಡು ಕೊಟ್ಟು ಬಂದ ಜನ ಕುರ್ಚಿ ಮುರಿಯುತ್ತಾರೆ. ಅದಕ್ಕೆ ಅಲ್ಲಿನ ಮ್ಯಾನೇಜರ ಅವನ ಕೂಲಿಯನ್ನು ಸುತ್ತಿನ ಲೆಕ್ಕದಲ್ಲಿ ಇಟ್ಟಿದ್ದ. ಎಷ್ಟು ಸುತ್ತು ಕಾಲ ಮೇಲೆ ನಿಂತು ಮುಗಿಸುತ್ತಾನೋ ಅಷ್ಟು ನೋಟು. ಒಂದು ಸುತ್ತಿಗೆ ಮೂರು ನಿಮಿಷ, ಹೆಚ್ಚೆಂದರೆ ಆರು ಸುತ್ತು. ಸಾಕೆನಿಸಿದಾಗ ಗಂಟೆ ಹೊಡೆದರೂ ಮೂಲೆಯ ಸ್ಟೂಲಿನಿಂದ ಏಳದೆ ಕೂತುಬಿಟ್ಟರೆ ಮುಗಿಯಿತು.

ಮದುವೆಯಾದ ವಾರವೇ ಇಬ್ಬರಲ್ಲೂ ಮಾತಾಗಿತ್ತು. ಬಾಡಿಗೆ, ಕರೆಂಟು, ಮುಂದೆ ಮಕ್ಕಳಾದರೆ ಸ್ಕೂಲು, ಇವೆಲ್ಲ ಅವಳ ಲಾಂಡ್ರಿ ಸಂಬಳದಿಂದ. ಅಡುಗೆಮನೆಯೊಳಗೆ ಬರುವುದೆಲ್ಲ, ಬೆಂಕಿಪೊಟ್ಟಣವೂ ಸೇರಿ, ಅವನದು. ಹಾಗಾಗಿ ಆ ಮನೆಯಲ್ಲಿ ದಿನಸಿಯನ್ನು ಸುತ್ತಿನಲ್ಲೇ ಅಳೆಯುವುದು ರೂಢಿಯಾಯಿತು. ಅಕ್ಕಿ ಮತ್ತು ಹಿಟ್ಟಿಗೆ ಎರಡು ಸುತ್ತು. ಎಣ್ಣೆ, ಸಕ್ಕರೆಗೆ ಒಂದು. ಹಾಲು, ಮೊಟ್ಟೆಗೆ ಒಂದು. ಈರುಳ್ಳಿ, ಆಲೂಗಡ್ಡೆ, ಸೋಪಿಗೆ ಒಂದು. ಆರನೆಯದೂ ದಕ್ಕಿದರೆ ಮಗಳಿಗೆ ಬಿಸ್ಕತ್ತು. ತಟ್ಟೆಯ ಮುಂದೆ ಕೂತು, ಇವತ್ತಿಂದು ಎಷ್ಟು ರೌಂಡಿನ ಅಡುಗೆ ಅಂತ ಅವನು ಕೇಳುವುದು, ಉಪ್ಪು ಮಾತ್ರ ಪುಕ್ಕಟೆ ಅಂತ ಅವಳು ಹೇಳುವುದು, ಇದು ಅವರಿಬ್ಬರ ಹಳೆಯ ತಮಾಷೆ.

ಅವಳು ಗೋದಾಮಿಗೆ ಕಾಲಿಟ್ಟದ್ದು ಹತ್ತು ವರ್ಷದಲ್ಲಿ ಮೂರೇ ಸಲ. ಮಗಳು ಹುಟ್ಟಿದ ತಿಂಗಳು, ಅವಳ ತಾಯಿ ಬಂದು ಹಾಸಿಗೆ ಹಿಡಿದಾಗ, ಎಣ್ಣೆಯ ಬೆಲೆ ದಿಢೀರನೆ ಏರಿದಾಗ. ಮೂರು ಸಲವೂ ದಿನಸಿಯ ನೀಲಿ ಬಟ್ಟೆಯ ಬ್ಯಾಗು ಕೈಯಲ್ಲಿ ಹಿಡಿದು ಕುರ್ಚಿಗಳ ಹಿಂದೆ ನಿಂತಿದ್ದಳು, ಅಷ್ಟೆ. ಬಾಯಿ ಬಿಟ್ಟು ಏನೂ ಕೇಳಿರಲಿಲ್ಲ. ಅವನು ಖಾಲಿ ಬ್ಯಾಗು ನೋಡಿ, ಸಣ್ಣಗೆ ತಲೆಯಾಡಿಸಿ, ಮೂರು ಸಲವೂ ಆರು ಸುತ್ತು ಮುಗಿಸಿದ್ದ. ಆಗ ಅವನಿಗೆ ಅದೊಂದು ಹೆಮ್ಮೆ. ಅವಳಿಗೂ ಸ್ವಲ್ಪ ಇತ್ತು ಅನ್ನಿ.

ಈಗ ಅವನು ಚಹಾಕ್ಕೆ ಉಪ್ಪು ಹಾಕುತ್ತಿದ್ದ. ಮಗಳನ್ನು ಸ್ಕೂಲಿಗೆ ಬಿಡಲು ಹೋಗಿ ಒಂದು ದಿನ ದಾರಿ ಮರೆತು, ಅವಳ ಕೈ ಹಿಡಿದುಕೊಂಡೇ ಡಿಪೋದಲ್ಲಿ ನಿಂತಿದ್ದ. ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ತಲೆಗೆ ಪೆಟ್ಟು ಬೀಳಬಾರದು, ಬಿದ್ದರೆ ಎಷ್ಟನೆಯದು ಕೊನೆಯದಾಗುತ್ತದೋ ಹೇಳಲಾಗದು ಅಂದಿದ್ದರು. ಬಿಟ್ಟುಬಿಡಿ ಅಂತ ಇವಳು ಅತ್ತಳು, ಜಗಳವಾಡಿದಳು, ಮಾತು ಬಿಟ್ಟಳು. ಮನೆಗೆ ಅನ್ನ ತರದೆ ಮೂಲೆಯಲ್ಲಿ ಕೂತು ತಿನ್ನಲೇನು ಅಂತ ಅವನದು ಒಂದೇ ಹಟ. ಹಟಕ್ಕೆ ಎದುರು ಹಟ ಹಿಡಿದು ಪ್ರಯೋಜನವಿಲ್ಲ ಅಂತ ಅವಳು ಇನ್ನೊಂದು ದಾರಿ ಹಿಡಿದಳು. ಅವನನ್ನು ನಿಲ್ಲಿಸಲಾಗದಿದ್ದರೆ ಅಡುಗೆಮನೆಯನ್ನೇ ಚಿಕ್ಕದು ಮಾಡುವುದು.

ಅವನ ಮೂಲೆಯಲ್ಲಿ ನೀರು ಕೊಟ್ಟು ರಕ್ತ ಒರೆಸುವ ಮುದುಕನೊಬ್ಬನಿದ್ದ, ನೀರಿನ ತಾತ. ಒಂದು ಸುತ್ತಿಗೆ ತಲೆಗೆ ಎಷ್ಟು ಏಟು ಬೀಳುತ್ತವೆ ಅಂತ ಅವನನ್ನೇ ಕೇಳಿದಳು. ಕಡಿಮೆಯೆಂದರೂ ಇಪ್ಪತ್ತು ಅಂದ ತಾತ. ಅವತ್ತಿನಿಂದ ಅವಳಿಗೆ ಅರ್ಧ ಲೀಟರು ಎಣ್ಣೆ ಉಳಿದರೆ ಐದು ಏಟು ಉಳಿದ ಹಾಗೆ. ಮೊದಲು ಬಿಸ್ಕತ್ತು ಹೋಯಿತು, ಆಮೇಲೆ ಸಕ್ಕರೆ, ಹಾಲು, ಮೊಟ್ಟೆ. ಹಿಟ್ಟಿನ ಬೆಲೆ ಇಳಿದಿದೆ, ಅಂಗಡಿಯಾಕೆ ಹಳೇ ಪರಿಚಯಕ್ಕೆ ರಿಯಾಯಿತಿ ಕೊಟ್ಟಳು, ಲಾಂಡ್ರಿಯಲ್ಲಿ ಮಧ್ಯಾಹ್ನ ಊಟ ಹಾಕುತ್ತಾರೆ, ಹೀಗೆ ದಿನಕ್ಕೊಂದು ಸುಳ್ಳು. ಅವನ ತಟ್ಟೆ ಮಾತ್ರ ಮೊದಲಿನಷ್ಟೇ ತುಂಬಿರುತ್ತಿತ್ತು. ತಾನೂ ಮಗಳೂ ಹೊಟ್ಟೆಬಟ್ಟೆ ಕಟ್ಟಿ, ಆರನ್ನು ಐದಕ್ಕೆ, ಐದನ್ನು ಮೂರಕ್ಕೆ, ಮೂರನ್ನು ಎರಡಕ್ಕೆ ತಂದಿದ್ದಳು. ಇನ್ನು ಎಂಟು ವಾರ. ಆಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗ ಅವಳ ಕೈಗೆ ಬರುವುದಿತ್ತು, ಸಂಬಳ ಏರುವುದಿತ್ತು. ಆಗ ಸೊನ್ನೆ ಸುತ್ತು.

ಅವನು ಹೊರಡುವಾಗ ಬಾಗಿಲಲ್ಲಿ ಅಡ್ಡ ನಿಂತು ಹೇಳಿದಳು. "ಎರಡೇ ಸಾಕು. ಎರಡನೇದು ಮುಗಿದ್ಮೇಲೆ ಸ್ಟೂಲಿಂದ ಏಳ್ಬೇಡಿ. ನನ್ನ ಮೇಲಾಣೆ."

"ಎರಡು," ಅಂತ ಅವನು ಎರಡು ಬೆರಳು ತೋರಿಸಿ, ಮಗಳ ಜಡೆ ಎಳೆದು ಹೋದ.

ಲಾಂಡ್ರಿಯಲ್ಲಿ ಅವತ್ತು ಅವಳ ಕೈ ಓಡಲಿಲ್ಲ. ಒಂದು ಶರ್ಟಿನ ಕಾಲರು ಸುಟ್ಟಳು. ಡಬ್ಬಿಯ ಪೇಪರು ನೋಡಿ ಅವನು ನಕ್ಕ ರೀತಿ ಕಣ್ಣ ಮುಂದಿನಿಂದ ಹೋಗಲೊಲ್ಲದು. ಮೂರು ಗಂಟೆಗೆ ರಜೆ ಹೇಳಿ ಹೊರಟಳು. ಎದುರಿಗೇ ಹೋಗಿ ನಿಂತರೆ ಮಾತು ತಪ್ಪಲಾರ, ಹಾಗೇ ಅವನ ಕೈಯಿಂದ ಎರಡು ನೋಟು ತೆಗೆದುಕೊಂಡು ಇಬ್ಬರೂ ಅಂಗಡಿಗೆ ಹೋಗಿ ಬರಬಹುದು ಅಂದುಕೊಂಡಳು. ಶನಿವಾರ ಅವಳು ಎಲ್ಲಿಗೆ ಹೋದರೂ ನೀಲಿ ಬ್ಯಾಗು ಜೊತೆಗಿರುತ್ತದೆ. ಅವತ್ತೂ ಮಡಿಸಿ ಕೈಯಲ್ಲಿ ಹಿಡಿದಿದ್ದಳು.

ಗೋದಾಮಿನ ಒಳಗೆ ಹೋಗುವಷ್ಟರಲ್ಲಿ ಮೊದಲ ಸುತ್ತು ಮುಗಿದು ಎರಡನೆಯದು ನಡೆಯುತ್ತಿತ್ತು. ಎದುರಾಳಿಗೆ ಸುತ್ತಿಗೆ ಅಂತ ಅಡ್ಡಹೆಸರು. ಇಪ್ಪತ್ತೆರಡರ ಪ್ರಾಯ, ಮೈಯಲ್ಲಿ ಹಿಡಿ ಕೊಬ್ಬಿಲ್ಲ. ಅವನು ಕೋಪದಿಂದ ಹೊಡೆಯುತ್ತಿರಲಿಲ್ಲ, ಕೆಲಸ ಮಾಡುವವನ ಹಾಗೆ ಹೊಡೆಯುತ್ತಿದ್ದ. ಪಕ್ಕೆಗೆ ಎರಡು, ಕೈ ಕೆಳಗಿಳಿದ ತಕ್ಷಣ ಕಿವಿಗೆ ಒಂದು. ಮತ್ತೆ ಪಕ್ಕೆಗೆ ಎರಡು, ಕಿವಿಗೆ ಒಂದು. ಗೋಡೆ ಬೆನ್ನನ್ನು ಹಗ್ಗಕ್ಕೆ ಕೊಟ್ಟು, ಗಲ್ಲ ಎದೆಗೊತ್ತಿ, ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದ. ಕಿವಿಗೆ ಬಿದ್ದಾಗಲೆಲ್ಲ ಅವನ ಎಡಗಾಲು ತಾನಾಗಿ ನಡುಗುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ಎಣಿಸಿದಳು. ಹದಿನಾರು, ಹದಿನೇಳು. ಗಂಟೆ ಹೊಡೆಯಿತು. ಎರಡು ಸುತ್ತು ಮುಗಿದಿತ್ತು, ಅವಳು ಉಸಿರು ಬಿಟ್ಟಳು.

ಅವನು ಮೂಲೆಯ ಸ್ಟೂಲಿನ ಮೇಲೆ ಕೂತ. ನೀರಿನ ತಾತ ಮೂಗಿನ ರಕ್ತ ಒರೆಸಿದ. ಇನ್ನು ಏಳುವುದಿಲ್ಲ, ಆಯಿತು, ಅಂತ ಅವಳು ನಾಲ್ಕು ಹೆಜ್ಜೆ ಮುಂದೆ ಬಂದಳು. ಆಗ ಅವನು ತಲೆಯೆತ್ತಿದ. ಮೊದಲು ಅವಳ ಮುಖ ನೋಡಿದ. ಆಮೇಲೆ ಅವನ ಕಣ್ಣು ಕೆಳಗಿಳಿದು ಅವಳ ಕೈಯಲ್ಲಿದ್ದ ಬ್ಯಾಗಿನ ಮೇಲೆ ನಿಂತಿತು. ಸಣ್ಣಗೆ ತಲೆಯಾಡಿಸಿದ. ಮೂರನೆಯ ಸುತ್ತಿನ ಗಂಟೆ ಹೊಡೆಯಿತು, ಅವನು ಎದ್ದ.

ಖಾಲಿ ಬ್ಯಾಗನ್ನು ಅವನು ಹೇಗೆ ಓದಿಕೊಂಡ ಅಂತ ಅವಳಿಗೆ ಆಗ ಹೊಳೆಯಿತು. ಬ್ಯಾಗನ್ನು ಬೆನ್ನ ಹಿಂದೆ ಬಚ್ಚಿಟ್ಟು, ಇನ್ನೊಂದು ಕೈಯಲ್ಲಿ ಬೇಡ, ಬೇಡ, ಕೂತ್ಕೊಳಿ ಅಂತ ಸನ್ನೆ ಮಾಡಿದಳು. ಅವನು ಇತ್ತ ನೋಡಲೇ ಇಲ್ಲ. ನೋಡಬೇಕಾದದ್ದನ್ನು ನೋಡಿಯಾಗಿತ್ತು. ಸುತ್ತಿಗೆಗೂ ಆಶ್ಚರ್ಯ, ಇವನು ಎರಡಕ್ಕೇ ಕೂರುತ್ತಾನೆ ಅಂತ ಅವನಿಗೂ ಹೇಳಿದ್ದರು. ಆಶ್ಚರ್ಯ ಸಿಟ್ಟಾಯಿತು. ಈ ಸಲದ ಏಟುಗಳು ಬೇರೆ. ಮೊದಲನೆಯದಕ್ಕೇ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಎರಡನೆಯದಕ್ಕೆ ಬಾಯಿಂದ ಹಲ್ಲುಪಟ್ಟಿ ಹಾರಿ ಮುಂದಿನ ಸಾಲಿನಲ್ಲಿ ಬಿತ್ತು, ಅದನ್ನು ಯಾರೋ ಎತ್ತಿ ಹಿಡಿದು ಕೇಕೆ ಹಾಕಿದರು. ಕುರುಡಾದ ಕಣ್ಣಿನ ಕಡೆಯಿಂದಲೇ ಸುತ್ತಿಗೆ ಸುತ್ತಿ ಸುತ್ತಿ ಬಂದು ಹೊಡೆದ. ಗೋಡೆ ಮಂಡಿಯೂರಿದ, ಹಗ್ಗ ಹಿಡಿದು ಎದ್ದ, ಮತ್ತೆ ಮಂಡಿಯೂರಿದ, ಮತ್ತೆ ಎದ್ದ. ಇನ್ನೂರು ಜನ ಒಂದೇ ದನಿಯಲ್ಲಿ ಗೋಡೆ, ಗೋಡೆ ಅಂತ ಕಾಲು ಕುಟ್ಟಿದರು.

ಗಂಟೆ ಹೊಡೆದದ್ದೇ ಅವಳು ಓಡಿ ಮೂಲೆಗೆ ಹೋದಳು. ಕಾವಲಿನ ಆಳು ತೋಳು ಅಡ್ಡ ಹಾಕಿ ತಡೆದ. ಏಳಬೇಡ ಅಂತ ಹೇಳು ತಾತ, ಎರಡೇ ಅಂತ ಹೇಳು, ಅಂತ ಅಲ್ಲಿಂದಲೇ ಕೂಗಿದಳು. ತಾತ ಅವನ ಕಿವಿಯಲ್ಲಿ ಏನೋ ಹೇಳಿದ, ಅವನ ಊದಿದ ತುಟಿ ಆಡಿದ್ದು ಕಂಡಿತು. ತಾತ ಅವಳ ಕಡೆ ಬಂದ. ಮುದುಕನ ಕಣ್ಣು ಒದ್ದೆಯಾಗಿತ್ತು.

"ಕೇಳ್ತಿಲ್ಲಮ್ಮ. ಅವಳೇ ಬಂದು ನಿಂತಿದಾಳೆ, ಬ್ಯಾಗು ಖಾಲಿ ಇದೆ, ಮನೇಲಿ ಡಬ್ಬಿ ತುಂಬ ಪೇಪರ್ರು ಅಂತಾನೆ."

ಸೋಲು ಒಪ್ಪಿ ಎಸೆಯುವ ಟವೆಲು ಮ್ಯಾನೇಜರನ ಕುತ್ತಿಗೆಯಲ್ಲಿತ್ತು. ತಾತನ ಕೈಗೆ ಕೊಟ್ಟರೆ ಮುದುಕ ಕರುಣೆಗೆ ಬಿದ್ದು ಎಸೆದಾನು ಅಂತ ಅವನು ಯಾವಾಗಲೂ ತಾನೇ ಹಾಕಿಕೊಳ್ಳುತ್ತಿದ್ದ. ಅವಳು ಅವನ ಮುಂದೆ ಕೈ ಮುಗಿದಳು. ಎಸೆಯಿರಿ, ಇವತ್ತಿನ ಕೂಲಿಯೇ ಬೇಡ ಅಂದಳು. ಮ್ಯಾನೇಜರ ಒಳ್ಳೆಯ ಮಾತಿನಲ್ಲೇ, ನಿಂತಿರುವವನಿಗೆ ಟವೆಲು ಎಸೆಯುವುದು ಹೇಗಮ್ಮ, ಜನ ದುಡ್ಡು ಕೊಟ್ಟು ಬಂದಿದ್ದಾರೆ ಅಂದ. ಅವಳು ಟವೆಲಿಗೇ ಕೈ ಹಾಕಿದಳು. ಕಾವಲಿನ ಆಳು ಅವಳ ರಟ್ಟೆ ಹಿಡಿದು ಎಳೆದು ಹಿಂದಕ್ಕೆ ನೂಕಿದ. ಎರಡನೆಯ ಸಾಲಿನ ಕುರ್ಚಿಗಳ ಮೇಲೆ ಬಿದ್ದಳು, ಮೊಣಕೈ ಒಡೆಯಿತು.

ನಾಲ್ಕನೆಯ ಸುತ್ತನ್ನು ಅವಳು ಬಿದ್ದಲ್ಲಿಂದಲೇ ನೋಡಿದಳು. ಅಲ್ಲಿಂದ ಸದ್ದು ಚೆನ್ನಾಗಿ ಕೇಳುತ್ತಿತ್ತು. ಪಕ್ಕೆಗೆ ಬಿದ್ದರೆ ಒಂದು ಸದ್ದು, ಮುಖಕ್ಕೆ ಬಿದ್ದರೆ ಇನ್ನೊಂದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ. ಗೋಡೆ ಈಗ ಕೈ ಎತ್ತುವುದನ್ನೇ ಮರೆತಿದ್ದ. ಎರಡು ಕೈಯೂ ಜೋತು ಬಿದ್ದಿದ್ದವು, ಮುಖ ಮಾತ್ರ ಮುಂದಿತ್ತು. ಸುತ್ತಿಗೆ ಒಮ್ಮೆ ನಿಲ್ಲಿಸಿ ರೆಫರಿಯ ಕಡೆ ನೋಡಿದ. ರೆಫರಿ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ ಜನರ ಕಡೆ ನೋಡಿದ. ಜನ ಇನ್ನೂ ಕುಟ್ಟುತ್ತಲೇ ಇದ್ದರು. ಸುತ್ತಿಗೆ ಮತ್ತೆ ಹೊಡೆದ. ನಾನೇ ಕೊಂದೆ, ನಾನೇ ಬಂದು ಎದುರಿಗೆ ನಿಂತು ಕೊಲ್ಲುತ್ತಿದ್ದೇನೆ, ಅಂತ ಅವಳ ಒಳಗೆ ಒಂದೇ ಕೂಗು. ಅವಳ ಕೈಯಲ್ಲಿ ಇನ್ನೂ ಬ್ಯಾಗು ಇತ್ತು.

ಐದನೆಯ ಸುತ್ತಿನ ಗಂಟೆ ಹೊಡೆದಾಗ ಅವಳು ಎದ್ದಳು. ಏನು ಮಾಡುತ್ತಿದ್ದೇನೆ ಅಂತ ಯೋಚಿಸಲು ಪುರುಸೊತ್ತಿರಲಿಲ್ಲ. ಹೆಗಲ ಮೇಲಿನ ಶಾಲನ್ನು ಎಳೆದು ಬ್ಯಾಗಿಗೆ ತುರುಕಿದಳು. ಕುರ್ಚಿಗಳ ಮೇಲೆ ಧೂಳಿಗೆ ಅಂತ ಜನ ಹಾಸಿಕೊಂಡಿದ್ದ ಪೇಪರುಗಳನ್ನು ಬಾಚಿ ಬಾಚಿ ಉಂಡೆ ಕಟ್ಟಿ ತುಂಬಿದಳು. ಬ್ಯಾಗು ಇನ್ನೂ ಅರ್ಧ. ಮುಂದಿನ ಕುರ್ಚಿಯ ಬೆನ್ನಿಗೆ ಯಾರದೋ ದಪ್ಪ ಕೋಟು ತೂಗುತ್ತಿತ್ತು, ಅದನ್ನೂ ಸೆಳೆದಳು. ಕೋಟಿನವನು ತಿರುಗಿ ಅವಳ ಕೂದಲು ಹಿಡಿದ. ಕಳ್ಳಿ ಅಂತ ಕೂಗುತ್ತ ತಲೆಯನ್ನು ಕುರ್ಚಿಯ ಅಂಚಿಗೆ ಅಪ್ಪಳಿಸಿದ. ಹುಟ್ಟಿದಾರಭ್ಯ ಯಾರ ಮೇಲೂ ಕೈ ಎತ್ತದವಳು, ಒಡೆದ ಮೊಣಕೈಯನ್ನೇ ಬೀಸಿ ಅವನ ಮೂಗಿಗೆ ಕೊಟ್ಟಳು. ಮೂಳೆ ಲಟಕ್ಕೆಂದದ್ದು ಕೇಳಿತು. ಅವನು ಮುಖ ಮುಚ್ಚಿಕೊಂಡು ಕೂತ. ಅವಳಿಗೆ ಅಯ್ಯೋ ಅನ್ನಿಸಲಿಲ್ಲ, ಇನ್ನೊಂದು ಕೊಡೋಣ ಅನ್ನಿಸಿತು. ಕೋಟನ್ನು ಒತ್ತಿ ತುಂಬಿ, ಕುರ್ಚಿಯ ಮೇಲೆ ಹತ್ತಿ, ಉಬ್ಬಿದ ಬ್ಯಾಗನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಳು.

"ತುಂಬಿದೆ ನೋಡಿ," ಅಂದಳು.

ಆ ಗದ್ದಲದಲ್ಲಿ ಅದು ಅವನಿಗೆ ಕೇಳಿರಲಾರದು. ಆದರೆ ಸುತ್ತಿಗೆಯ ಒಂದು ಏಟು ಅವನ ಮುಖವನ್ನು ಇತ್ತ ತಿರುಗಿಸಿತು. ಒಂದೇ ಕಣ್ಣು ತೆರೆದಿತ್ತು. ಆ ಕಣ್ಣು ಜನರ ಮೇಲೆ ಅಲೆದು, ನೀಲಿ ಬ್ಯಾಗಿನ ಮೇಲೆ ನಿಂತಿತು. ಅವನ ಮುಖದಲ್ಲಿ ಉಳಿದಿದ್ದ ಜಾಗದಲ್ಲಿ ನಗು ಬಂತು. ಬೀಳಲಿಲ್ಲ ಅವನು. ನೆಲಕ್ಕೆ ಒಂದು ಕೈ ಊರಿ, ಊಟಕ್ಕೆ ಕೂರುವವನ ಹಾಗೆ ಕಾಲು ಮಡಿಸಿ ಕೂತ. ರೆಫರಿ ಹತ್ತರವರೆಗೆ ಎಣಿಸಿದ. ಜನ ಉಗಿದರು, ಖಾಲಿ ಬಾಟಲಿ ಎಸೆದರು.

ಕೋಟಿನವನು ತನ್ನ ಕೋಟು ಕಿತ್ತುಕೊಂಡ, ಬೈದ, ಅವಳ ಕೆನ್ನೆಗೆ ಒಂದು ಬಾರಿಸಿ ಹೋದ. ಐದನೆಯದು ಪೂರ್ತಿಯಾಗಲಿಲ್ಲ ಅಂತ ಮ್ಯಾನೇಜರ ನಾಲ್ಕು ನೋಟು ಕೊಟ್ಟು, ಇನ್ನು ಇವನನ್ನು ಇತ್ತ ಕಳಿಸಬೇಡ ಅಂದ. ಎರಡು ತಿಂಗಳಿಂದ ಅವಳು ಬೇಡಿದ್ದು ಅದೇ ಮಾತು. ಕೇಳಿದರೂ ಸಂತೋಷವಾಗಲಿಲ್ಲ. ಆಸ್ಪತ್ರೆಗೆ ಹೋಗೋಣ ಅಂದಳು. ಬ್ಯಾಗು ಮನೆಗೆ ಮುಟ್ಟಲಿ ಅಂತ ಅವನು ಹಟ ಮಾಡಿದ, ನೀರಿನ ತಾತ ಡಾಕ್ಟರನ್ನು ಮನೆಗೇ ಕರೆತರುತ್ತೇನೆಂದು ಓಡಿದ. ದಾರಿಯುದ್ದಕ್ಕೂ ಬ್ಯಾಗನ್ನು ಅವನೇ ಹೊತ್ತ. ಅವಳು ಮುಟ್ಟಲು ಹೋದರೆ ಬಿಡಲಿಲ್ಲ. ದಿನಸಿ ಅಂಗಡಿಯ ಮುಂದೆ ಅವಳ ಕಾಲು ತಡೆಯಿತು, ಅಂಗಡಿಯಾಕೆ ಅವನ ಮುಖ ನೋಡಿ ತಕ್ಕಡಿ ಕೆಳಗಿಟ್ಟಳು.

"ಎಲ್ಲ ತಗೊಂಡಾಯ್ತು," ಅಂತ ಅವನು ಬ್ಯಾಗು ಎತ್ತಿ ತೋರಿಸಿ ಮುಂದೆ ನಡೆದ.

ಮಗಳು ಬಾಗಿಲು ತೆರೆದು, ಅಪ್ಪನ ಮುಖ ನೋಡಿ, ಗೋಡೆಗೆ ಒತ್ತಿ ನಿಂತಳು. ಅವನು ನೇರವಾಗಿ ಅಡುಗೆಮನೆಗೆ ಹೋಗಿ ಶೆಲ್ಫಿನಿಂದ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಬ್ಯಾಗಿನಿಂದ ಪೇಪರಿನ ಉಂಡೆ ತೆಗೆದು, ಅಕ್ಕಿ ಅಂದ. ಅಕ್ಕಿಯ ಡಬ್ಬಿಗೆ ಹಾಕಿ, ಅಂಗೈಯಿಂದ ಒತ್ತಿ, ಮುಚ್ಚಳ ಮುಚ್ಚಿದ. ಇನ್ನೊಂದು ತೆಗೆದು, ಹಿಟ್ಟು ಅಂದ. ಸಕ್ಕರೆ ಅಂದ. ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಅವನ ಪಕ್ಕದಲ್ಲಿ ಕೂತು, ಬ್ಯಾಗಿನೊಳಗೆ ಕೈ ಹಾಕಿ, ಮುಂದಿನ ಉಂಡೆಯನ್ನು ಅವನ ಕೈಗೆ ಕೊಟ್ಟಳು.

ಕೊನೆಗೆ ಉಳಿದ ಹಾಳೆಯನ್ನು ಅವನು ಹರಿದು ಸಣ್ಣ ಸಣ್ಣ ಉಂಡೆ ಮಾಡಿದ. ಎದ್ದು ಕಿಟಕಿಯ ಪಕ್ಕದ ಟ್ರೇಯಲ್ಲಿ ಅವುಗಳನ್ನು ಒಂದೊಂದಾಗಿ, ಊದಿದ ಬೆರಳುಗಳಿಂದ, ಒಡೆಯದ ಹಾಗೆ ಇಡತೊಡಗಿದ. ಆರನೆಯದನ್ನು ಕೈಯಲ್ಲೇ ಹಿಡಿದು ಮಗಳ ಕಡೆ ತಿರುಗಿದ. ಮಗಳು ಗೋಡೆ ಬಿಟ್ಟು ಬಂದು ಎರಡೂ ಅಂಗೈ ಒಡ್ಡಿದಳು.